ದೂರು ದಾಖಲಾಗಿದೆ

ಕಾರು ಮೂರನೆಯ ತಿರುವಿನಲ್ಲಿ ಜಾರಿತು, ತಡೆಗೋಡೆಗೆ ಬಡಿದು ಪಲ್ಟಿ ಹೊಡೆಯಿತು. ದೂರ್ವಾಸ ಹಲ್ಲು ಕಡಿದ, “ಥತ್!” ಎಂದ, ಮೇಜಿಗೊಂದು ಗುದ್ದಿದ. ಪರದೆ ಕಪ್ಪಾಯಿತು. ಕಾರಿಲ್ಲ, ರಸ್ತೆಯಿಲ್ಲ, ಗಾಜಿನೊಳಗಿಂದ ತನ್ನದೇ ಮುಖ ತನ್ನನ್ನು ಕೆಕ್ಕರಿಸಿ ನೋಡುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರ್ ಕ್ಯಾಬಿನೆಟ್ಟಿನೊಳಗಿನ ಫ್ಯಾನುಗಳು ಮಾತ್ರ ತಮಗೇನೂ ಗೊತ್ತಿಲ್ಲವೆಂಬಂತೆ ಗುಂಯ್‌ಗುಡುತ್ತಿದ್ದವು.

ದೂರ್ವಾಸ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಕ್ಕಪಕ್ಕದವರು ಬೆನ್ನ ಹಿಂದೆ ಇಟ್ಟದ್ದು. ಆತ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ನಲ್ಲಿಯಲ್ಲಿ ನೀರು ಬಾರದವರೆಲ್ಲ ಕಿಟಕಿಗೆ ಬಂದು ಬಾಯಿಗೆ ಬಂದಂತೆ ಬೈದರೂ, “ನಿಮ್ಮ ದೂರು ದಾಖಲಾಗಿದೆ, ವಿಚಾರಿಸುತ್ತೇವೆ” ಎಂದು ನಗುನಗುತ್ತಲೇ ಹೇಳಬೇಕು. ಹಾಗೆ ನುಂಗಿದ ಸಿಟ್ಟೆಲ್ಲ ಸಂಜೆ ಖಾಲಿ ಊಟದ ಡಬ್ಬಿಯ ಜೊತೆ ಮನೆಗೆ ಬರುತ್ತಿತ್ತು. ಮನೆಯಲ್ಲಿ ಅದನ್ನು ದಾಖಲಿಸಿಕೊಳ್ಳಲು ಹೆಂಡತಿಯಿದ್ದಳು.

ಈ ಭಾನುವಾರದ ಸಿಟ್ಟಿಗೆ ಬೇರೆಯೇ ತೂಕವಿತ್ತು. ಸಂಜೆ ಆನ್‌ಲೈನ್ ಕಾರ್ ರೇಸಿನಲ್ಲಿ ಭಾವಮೈದುನನ ಜೊತೆ ಪಂದ್ಯ, ಬೆಳಗ್ಗೆಯಿಂದ ಅದರ ಅಭ್ಯಾಸ. ಸೋತವನು ಒಂದು ವರ್ಷ, ಮದುವೆಮನೆಯಿರಲಿ ಫೋನಿರಲಿ, ಗೆದ್ದವನನ್ನು ನಾಲ್ಕು ಜನರ ಎದುರು “ಗುರುಗಳೇ” ಎಂದೇ ಕರೆಯಬೇಕು. ಹೆಂಡತಿಯ ತಮ್ಮನಿಗೆ, ಅದೂ ತಾನೇ ಸೀಟು ಹಿಡಿದು ಸೈಕಲ್ ಕಲಿಸಿದವನಿಗೆ, ಗುರುಗಳೇ! ನೆನೆಸಿಕೊಂಡರೇ ದೂರ್ವಾಸನ ಕಿವಿ ಕೆಂಪಾಗುತ್ತಿತ್ತು. ಹೋದ ಸಲ ಸೋಲುವ ಹೊತ್ತಿಗೆ ಭಾವಮೈದುನ ಇಂಟರ್‌ನೆಟ್ ಹೋಯಿತೆಂದು ನುಣುಚಿಕೊಂಡಿದ್ದ. ಅದಕ್ಕೇ ಈ ಸಲ ದೂರ್ವಾಸ ತಾನೇ ನಿಯಮ ಹಾಕಿದ್ದ: ಯಾವ ಕಾರಣಕ್ಕೇ ಆಗಲಿ, ಆಟದ ನಡುವೆ ಯಾರ ಕಂಪ್ಯೂಟರ್ ಕೈಕೊಟ್ಟಿತೋ ಅವನು ಸೋತಂತೆ.

ಸ್ವಿಚ್ ಆರಿಸಿ ಹಾಕಿದ. ಬಂತು. ಮತ್ತೆ ಆಡಿದ, ಮತ್ತೆ ಅದೇ ತಿರುವು, ಮತ್ತೆ “ಥತ್!”, ಮತ್ತೆ ಕತ್ತಲೆ.

“ಏಯ್, ಬಾ ಇಲ್ಲಿ! ಕಸ ಗುಡಿಸುವಾಗ ಇದರ ವೈರ್ ಎಳೆದ್ಯಾ?”

“ನಾನು ಆ ಕಡೆ ಬಂದೇ ಇಲ್ಲ ಕಣ್ರೀ. ನೀವೇ ತಾನೆ ಆ ಮೂಲೆಗೆ ಪೊರಕೆ ತರಬೇಡ ಅಂದಿದ್ದು?”

“ಸುಳ್ಳು ಹೇಳ್ಬೇಡ! ನಿನ್ನ ತಮ್ಮ ಗೆಲ್ಲಲಿ ಅಂತ ನೀನೇ ಏನೋ ಮಾಡಿದೀಯ. ನಿಮ್ಮ ಮನೆಯವರೆಲ್ಲ ಒಂದೇ. ತವರು ಅಂದ್ರೆ ಗಂಡನ ಮಾನ ಹರಾಜಿಗಿಡೋಕೂ ತಯಾರು!”

ಹೆಂಡತಿ ಅವನನ್ನೊಮ್ಮೆ ನೋಡಿದಳು. ಪೊರಕೆಯನ್ನು ಗೋಡೆಗೊರಗಿಸಿ ಅಡುಗೆಮನೆಗೆ ಹೋದಳು. ಆಮೇಲೆ ಆ ಮನೆಯಲ್ಲಿ ಅವಳ ದನಿ ಕೇಳಲಿಲ್ಲ, ಪಾತ್ರೆಗಳದ್ದು ಮಾತ್ರ ಕೇಳಿತು.

ದೂರ್ವಾಸನ ಕೂಗು ಎರಡು ಮಹಡಿ ದಾಟಿತ್ತು. ಮೊದಲು ಇಳಿದು ಬಂದವರು ಮೇಲಿನ ಮನೆಯ ವೋಲ್ಟೇಜ್ ಮಾವ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಲೋಕದ ಸಕಲ ಕಷ್ಟಗಳೂ ವೋಲ್ಟೇಜಿನಿಂದಲೇ ಬರುತ್ತವೆ. ಮಗಳ ಮದುವೆ ತಡವಾದದ್ದಕ್ಕೂ ಅವರು ಅದನ್ನೇ ಕಾರಣ ಹೇಳಿದ್ದುಂಟು.

“ಕೋಪ ಮಾಡ್ಕೋಬೇಡಪ್ಪ. ಬಡವನ ಕೋಪ ದವಡೆಗೆ ಮೂಲ. ನಿನ್ನ ಲೈನಲ್ಲಿ ವೋಲ್ಟೇಜ್ ಕುಣೀತಿದೆ, ಅಷ್ಟೆ,” ಎಂದು ಹೇಳಿ, ಅಟ್ಟದಿಂದ ಹಳೆಯ ಸ್ಟೆಬಿಲೈಜರ್ ತಂದು ಕೂರಿಸಿದರು. ಅದು ಕಾಲು ನೋವಿರುವ ಎಮ್ಮೆಯ ಹಾಗೆ ನರಳಿತು. ದೂರ್ವಾಸ ಆಡಲು ಕೂತ. ಅದೇ ತಿರುವಿನಲ್ಲಿ ಕಾರು ಜಾರಿತು, ಮೇಜು ಧಡ್ ಎಂದಿತು, ಪರದೆ ಕಪ್ಪಾಯಿತು. ಸ್ಟೆಬಿಲೈಜರ್ ಮಾತ್ರ ನರಳುತ್ತಲೇ ಇತ್ತು.

“ನೋಡಿದ್ಯಾ, ವೋಲ್ಟೇಜ್ ಎಷ್ಟು ಹಾಳಾಗಿದೆ ಅಂತ!” ಎಂದು ಮಾವ ಹಿಗ್ಗಿದರು.

“ಮಾವ, ನೀವು ತಂದಿರೋ ಈ ಪೆಟ್ಟಿಗೆ ಹಾಳಾಗಿದೆ!”

ಅಷ್ಟರಲ್ಲಿ ಎದುರುಮನೆ ಅಕ್ಕ ಬಂದರು. ಕೂದಲು ಒಣಗಿಸುವ ಯಂತ್ರವನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು.

“ಧೂಳು ಕಣೋ ತಮ್ಮಾ, ಎಲ್ಲಾ ಧೂಳು. ನಮ್ಮ ಟಿವಿನೂ ಹೀಗೇ ಮಾಡ್ತಿತ್ತು. ಸರಿ ಸ್ವಲ್ಪ,” ಎಂದವರೇ ಅವನು ಬೇಡ ಬೇಡವೆನ್ನುತ್ತಿದ್ದಂತೆ ಕ್ಯಾಬಿನೆಟ್ಟಿನ ಕಿಂಡಿಗಳಿಗೆ ಬಿಸಿಗಾಳಿ ಊದಿಬಿಟ್ಟರು. ಒಳಗಿದ್ದ ಧೂಳೆಲ್ಲ ಒಟ್ಟಿಗೇ ಹೊರಬಂದು ದೂರ್ವಾಸನ ಮುಖದ ಮೇಲೆ ಕೂತಿತು. ಅವನು ಸೀನಿದ; ಸೀನಿನ ನಡುವೆಯೇ ಬೈದ. ಅಕ್ಕನಿಗೆ ಅವಮಾನವಾಯಿತು. ಆದರೂ ಅವರು ಹೊರಟು ಹೋಗಲಿಲ್ಲ, ಹೋದರೆ ಮುಂದೇನಾಯಿತೆಂದು ತಿಳಿಯುವುದಿಲ್ಲವಲ್ಲ.

ಫೋನು ಗುಂಯ್‌ಗುಟ್ಟಿತು. ಭಾವಮೈದುನನ ಧ್ವನಿಸಂದೇಶ. “ಭಾವ, ನಾಲಿಗೆಗೆ ಸ್ವಲ್ಪ ಅಭ್ಯಾಸ ಮಾಡಿಸ್ತಿದ್ದೀರಾ? ‘ಗುರುಗಳೇ’. ಗು-ರು-ಗ-ಳೇ. ಸುಲಭ ಇದೆ.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ದೂರ್ವಾಸ ಕ್ಯಾಬಿನೆಟ್ಟನ್ನು ಮಗುವಿನಂತೆ ಎತ್ತಿಕೊಂಡು, ಬೀದಿಯ ಕೊನೆಯ ಕಂಪ್ಯೂಟರ್ ಅಂಗಡಿಗೆ ಓಡಿದ. ರಿಪೇರಿಯವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಎದುರಿನ ಮುಖ ನೋಡಿ ಮತ್ತೆ ಮುಚ್ಚಿದ. ತನ್ನ ಬೆಂಚಿನ ಮೇಲೆ ಕಂಪ್ಯೂಟರಿಟ್ಟು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಬೆವರಿಳಿಸುವ ಪರೀಕ್ಷೆಯೊಂದನ್ನು ಹಾಕಿದ. ಪರದೆಯಲ್ಲಿ ಬೆಂಕಿ ಉರಿಯಿತು, ಸಮುದ್ರ ಉಕ್ಕಿತು, ಕಟ್ಟಡಗಳು ಉರುಳಿದವು. ಪರದೆ ಕಣ್ಣು ಮಿಟುಕಿಸಲಿಲ್ಲ. ಜ್ವರದ ಮಗು ಡಾಕ್ಟರ ಬಾಗಿಲಿಗೆ ಬಂದೊಡನೆ ಆಟಕ್ಕಿಳಿದ ಹಾಗೆ.

“ಬಿಸಿ ಸರಿಯಾಗಿದೆ, ಕರೆಂಟ್ ಸರಿಯಾಗಿದೆ, ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಿದೀನಿ. ಏನೂ ಆಗಿಲ್ಲ ಸಾರ್.”

“ಹಾಗಾದ್ರೆ ನಾನೇನು ಹುಚ್ಚನಾ?”

ರಿಪೇರಿಯವನು ವೈರುಗಳನ್ನು ಕಳಚಿ ಕ್ಯಾಬಿನೆಟ್ಟನ್ನು ಅವನ ಕೈಗಿಟ್ಟ. ಬುದ್ಧಿವಂತ.

ಮನೆಗೆ ತಂದು ಹಚ್ಚಿದರೆ ಮತ್ತೆ ಅದೇ ತಿರುವು, ಅದೇ “ಥತ್!”, ಅದೇ ಕತ್ತಲೆ. ಮತ್ತೆ ಎತ್ತಿಕೊಂಡು ಓಡಿದ. ಅಂಗಡಿಯಲ್ಲಿ ಮತ್ತೆ ಬೆಂಕಿ, ಸಮುದ್ರ, ಕಟ್ಟಡ, ಎಲ್ಲ ಸೊಗಸು. ಆಗ ದೂರ್ವಾಸ ಬೀದಿಗೆಲ್ಲ ಕೇಳುವಂತೆ ಕಿರುಚಾಡಿದ: ನೀವೆಲ್ಲ ಕಳ್ಳರು, ಕೈಗೆ ಕೊಟ್ಟದ್ದನ್ನು ಕೆಡಿಸಿ ಕೊಡುವವರು, ನಿಮ್ಮ ಅಂಗಡಿಗೆ ಬೀಗ ಜಡಿಸುತ್ತೇನೆ. ರಿಪೇರಿಯವನಿಗೂ ಹೊಟ್ಟೆ ಹಸಿದಿತ್ತು. ಹಸಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು?

“ಬೀಗ ನೀವೇನು ಜಡಿಸೋದು, ನಾನೇ ಜಡೀತೀನಿ!” ಎಂದು ಷಟರ್ ಧಡಾರನೆ ಎಳೆದು ಬೀಗ ಹಾಕಿದ. “ನಡೀರಿ ಮನೆಗೆ. ಅದು ಹೇಗೆ ಸಾಯುತ್ತೋ ನನ್ನ ಕಣ್ಣಾರೆ ನೋಡ್ಬೇಕು.”

ಹೀಗೆ ಮಧ್ಯಾಹ್ನದ ಹೊತ್ತಿಗೆ ಆ ಪುಟ್ಟ ಕೋಣೆಯಲ್ಲಿ ಸಭೆ ಸೇರಿತು. ವೋಲ್ಟೇಜ್ ಮಾವ ಕುರ್ಚಿಯಲ್ಲಿ, ಎದುರುಮನೆ ಅಕ್ಕ ಮಂಚದ ತುದಿಯಲ್ಲಿ, ರಿಪೇರಿಯವನು ಕ್ಯಾಬಿನೆಟ್ಟಿನ ಪಕ್ಕ ಕೈಕಟ್ಟಿ ನಿಂತು. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ದೂರ್ವಾಸ ಆಟ ಶುರುಮಾಡಿದ. ಒಂದನೇ ತಿರುವು, ಎರಡನೇ ತಿರುವು, ಮೂರನೆಯದು, ಕಾರು ಜಾರಿತು.

“ಥತ್!” ಧಡ್. ಕತ್ತಲೆ.

“ನೋಡಿದ್ರಾ? ಈಗ ಏನಂತೀರಾ?”

ರಿಪೇರಿಯವನು ಪರದೆಯನ್ನು ನೋಡಲಿಲ್ಲ, ಮೇಜನ್ನು ನೋಡಿದ. ಸ್ವಿಚ್ ಆರಿಸಿ ಹಾಕಿದ. ಚಿತ್ರ ಬಂತು.

“ಸಾರ್, ಆಡಬೇಡಿ. ಸುಮ್ನೆ ಇನ್ನೊಂದು ಸಲ ಗುದ್ದಿ.”

“ಏನು?”

“ಮೇಜಿಗೆ ಗುದ್ದಿ ಸಾರ್. ನನ್ನ ಮೇಲಿರೋ ಸಿಟ್ಟಲ್ಲೇ ಗುದ್ದಿ.”

ಆ ಸಿಟ್ಟಿಗೇನೂ ಕೊರತೆಯಿರಲಿಲ್ಲ. ಗುದ್ದಿದ. ಕತ್ತಲೆಯಾಯಿತು.

ರಿಪೇರಿಯವನು ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟ. ಇಟ್ಟಿಗೆಯಷ್ಟು ಭಾರದ ಗ್ರಾಫಿಕ್ಸ್ ಕಾರ್ಡು ಒಂದು ಕಡೆ ವಾಲಿತ್ತು. ಅದನ್ನು ಕಚ್ಚಿ ಹಿಡಿಯಬೇಕಾದ ಪ್ಲಾಸ್ಟಿಕ್ ಕೊಂಡಿಯೇ ಮುರಿದುಹೋಗಿತ್ತು.

“ಇದನ್ನ ಕೂರಿಸಿದ್ದು ಯಾರು?”

“ನಾನೇ,” ಎಂದ ದೂರ್ವಾಸ. “ಒಳಗೆ ಹೋಗ್ತಿರ್ಲಿಲ್ಲ. ಅದಕ್ಕೆ ಸ್ವಲ್ಪ...”

“ಗುದ್ದಿದ್ರಿ.”

ಎದುರುಮನೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೋ ಕುಣಿದು ಕುಣಿದೇ ನೆಲವನ್ನು ಡೊಂಕು ಮಾಡಿದ್ದ.

ರಿಪೇರಿಯವನು ಕಾರ್ಡನ್ನು ಮೆತ್ತಗೆ ಒತ್ತಿ ಕೂರಿಸಿ, ಪೆನ್ಸಿಲೊಂದನ್ನು ಅಳತೆಗೆ ಮುರಿದು ಅದರ ಕೆಳಗೆ ಊರುಗೋಲಿನಂತೆ ನಿಲ್ಲಿಸಿದ. “ಇವತ್ತಿನ ಮಟ್ಟಿಗೆ ಇದು ನಡೆಯುತ್ತೆ. ಆದ್ರೆ ಈ ಮೇಜಿಗೆ ಒಂದೇ ಒಂದು ಏಟು ಬಿದ್ರೂ ಮುಗೀತು. ನೆನಪಿರಲಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತಣ್ಣಗಾದ ಊಟಕ್ಕೆ ಹೊರಟುಹೋದ.

ಸಂಜೆಯಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂದು ಮಾವ ಒಂದು ತಾಸು ಉಪದೇಶಿಸಿದ್ದರು. ದೂರ್ವಾಸ ಉಸಿರು ಒಳಗೆಳೆದು, ಹೊರಗೆ ಬಿಟ್ಟು, ಆಟದ ರಿಮೋಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತ. ಪಂದ್ಯ ಶುರುವಾಯಿತು.

“ಭಾವ, ಎತ್ತಿನಗಾಡಿ ಹೊಡೀತಿದ್ದೀರಾ?” ಎಂದಿತು ಸ್ಪೀಕರಿನಿಂದ ಭಾವಮೈದುನನ ದನಿ.

ದೂರ್ವಾಸನ ಕತ್ತಿನ ನರ ಉಬ್ಬಿತು. ಆದರೆ ಬಾಯಿಂದ ಬಂದದ್ದು ಕಚೇರಿಯ ಮಾತು: “ನಿಮ್ಮ ದೂರು ದಾಖಲಾಗಿದೆ.”

ಮಾವ ಭೇಷ್ ಎಂದು ತಲೆಯಾಡಿಸಿದರು. ಮೂರನೆಯ ತಿರುವಿನಲ್ಲಿ ಕಾರು ಜಾರಿತು. ದೂರ್ವಾಸ ತುಟಿ ಕಚ್ಚಿದ, ಗುದ್ದಲಿಲ್ಲ. ಹಿಂದೆ ಬಿದ್ದ, ಗುದ್ದಲಿಲ್ಲ. ಸಿಟ್ಟು ಮಾಡಿಕೊಳ್ಳದೆ ಆಡಿದರೆ ಕಾರು ನೆಟ್ಟಗೆ ಓಡುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು. ಕೊನೆಯ ಸುತ್ತಿನಲ್ಲಿ ಭಾವಮೈದುನನ ಕಾರನ್ನು ಹಿಂದೆ ಹಾಕಿದ. ಗೆಲುವಿನ ಗೆರೆ ಕಣ್ಣೆದುರಿಗೇ ಇತ್ತು. ಅಕ್ಕ ಮಂಚದಿಂದ ಎದ್ದೇಬಿಟ್ಟರು.

ಧಡ್!

ಪರದೆ ಕಪ್ಪಾಯಿತು.

ದೂರ್ವಾಸ ಮೊದಲು ತನ್ನ ಕೈಗಳನ್ನೇ ನೋಡಿಕೊಂಡ. ಎರಡೂ ರಿಮೋಟಿನ ಮೇಲಿದ್ದವು. ಮಾವ ತಮ್ಮ ಎರಡೂ ಕೈ ಮೇಲೆತ್ತಿ ತೋರಿಸಿದರು. ಅಕ್ಕ ನಿಂತಲ್ಲೇ ಕಲ್ಲಾಗಿದ್ದರು. ಕೀಬೋರ್ಡಿನ ಪಕ್ಕದಲ್ಲಿ, ಆಗಷ್ಟೇ ಕುಕ್ಕಿಟ್ಟ ನೀರಿನ ಚೊಂಬೊಂದು ಇನ್ನೂ ತುಳುಕುತ್ತಿತ್ತು. ಅದರ ಕಂಠದ ಮೇಲೆ ಬಳೆ ತೊಟ್ಟ ಕೈಯಿತ್ತು.

“ನೀನಾ?” ದೂರ್ವಾಸನ ದನಿ ಕೀರಲಾಯಿತು. “ಬೇಕೂ ಅಂತ್ಲೇ?”

ಬೆಳಗ್ಗೆಯಿಂದ ಬಾಯಿ ಬಿಡದ ಹೆಂಡತಿ ಈಗ ಬಿಟ್ಟಳು.

“ಹೌದು, ಬೇಕೂ ಅಂತ್ಲೇ. ನಮ್ಮ ಮನೆಯವರನ್ನೆಲ್ಲ ಸೇರಿಸಿ ಬೈದ್ರಲ್ಲ ಬೆಳಗ್ಗೆ, ಮಾಡದೇ ಇರೋ ತಪ್ಪಿಗೆ? ಬೈಸ್ಕೊಂಡಿದ್ದು ಆಗಿತ್ತು, ತಪ್ಪು ಮಾಡೋದೊಂದು ಬಾಕಿ ಇತ್ತು. ಈಗ ಸರಿಹೋಯ್ತು.”

“ಒಂದು ವರ್ಷ ಕಣೇ! ಆ ಪಾಪಿಗೆ ಒಂದು ವರ್ಷ ಗುರುಗಳೇ ಅನ್ಬೇಕು!”

“ಅನ್ನಿ. ಕಚೇರಿ ಕಿಟಕಿ ಇಲ್ಲದ ಈ ಮನೇಲೂ ಒಬ್ಬರ ಹತ್ರ ಮೆತ್ತಗೆ ಮಾತಾಡಿದ ಹಾಗಾಗುತ್ತೆ.”

ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ಭಾವಮೈದುನ. ದೂರ್ವಾಸನ ಮುಷ್ಟಿ ತಾನಾಗಿ ಮೇಲೆದ್ದಿತು. ಗುದ್ದುವುದೆಲ್ಲಿಗೆ? ಗುದ್ದಿ ಇನ್ನೇನು ಕೆಡಿಸಬೇಕು? ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

“ಇದು ಅನ್ಯಾಯ!” ಎಂದು ಸೂರು ಹಾರುವಂತೆ ಕೂಗಿದ. “ಇದು ದ್ರೋಹ! ನಾನಿದನ್ನ ಸುಮ್ನೆ ಬಿಡಲ್ಲ! ಯಾರಿಗೆ ಹೇಳ್ಬೇಕೋ ಹೇಳ್ತೀನಿ!”

ಹೆಂಡತಿ ಚೊಂಬನ್ನೆತ್ತಿ, ಮೇಜಿಗೆ ಬಿದ್ದ ನೀರನ್ನು ಸೆರಗಿನ ತುದಿಯಿಂದ ನಿಧಾನವಾಗಿ ಒರೆಸಿದಳು. ಆಮೇಲೆ ನಗುನಗುತ್ತಲೇ ಹೇಳಿದಳು:

“ನಿಮ್ಮ ದೂರು ದಾಖಲಾಗಿದೆ. ವಿಚಾರಿಸುತ್ತೇವೆ.”