ನನ್ನ ಮೇಜಿನ ಮುಂದೆ ಅತಿಥಿಗಳು ನಿಂತ ದಿನ

ಗಜೇಂದ್ರಗಡದಲ್ಲಿ ವರ್ಷಕ್ಕೊಮ್ಮೆ ಕಾಡುಹೂಗಳ ಪ್ರದರ್ಶನ ನಡೆಯುತ್ತದೆ, ವರ್ಷಕ್ಕೊಮ್ಮೆ ನನ್ನ ಹೊಟ್ಟೆ ಉರಿಯುತ್ತದೆ. ನಾನು ನರೇಗಲ್ಲಿನ ವಿಜ್ಞಾನ ಮಾಸ್ತರ. ಸುತ್ತಲಿನ ಶಾಲೆಗಳ ಮಾಸ್ತರರೆಲ್ಲ ತಂತಮ್ಮ ಕಡೆಯ ಹೂ ತಂದು ಒಂದೊಂದು ಮೇಜಿನ ಮೇಲೆ ಇಡುತ್ತೇವೆ. ಉದ್ಘಾಟನೆಗೆ ಬಂದ ಅತಿಥಿಗಳು ಯಾರ ಮೇಜಿನ ಮುಂದೆ ನಿಲ್ಲುತ್ತಾರೋ ಅವರ ಫೋಟೊ ಮರುದಿನ ಪೇಪರಿನಲ್ಲಿ. ಹೋದ ವರ್ಷ ರೋಣದ ಮಾಸ್ತರರದು ಬಂತು. ಅದರ ಹಿಂದಿನ ವರ್ಷವೂ ಅವರದೇ. ಈ ಸಲ ನನ್ನದು ಬರಲೇಬೇಕೆಂದು ಹಟ ಹಿಡಿದಿದ್ದೆ.

ಮನೆಯವರ ಬೆಂಬಲ

ರೋಣದ ಮಾಸ್ತರರು ಗುಡ್ಡದಿಂದ ಅಗ್ನಿಶಿಖೆ ತಂದಿದ್ದರು. ಕೆಂಪು, ಹಳದಿ, ಒಲೆಯ ಉರಿಯಂಥ ಹೂ. ನಾನು ತಂದದ್ದು ತುಂಬೆ ಹೂ ಮತ್ತು ಉತ್ತರಾಣಿ. ಅವರ ಮುಂದೆ ಜನ ಸೆಲ್ಫಿಗೆ ಪಾಳಿ ಹಚ್ಚಿದ್ದರು, ನನ್ನ ಮುಂದೆ ಒಂದು ನೊಣ. ಅಷ್ಟರಲ್ಲಿ ಹೆಂಡತಿ ಬಂದಳು. ನನ್ನವರು ಅಂತ ಒಬ್ಬರಾದರೂ ಬಂದರಲ್ಲ ಎಂದು ಎದ್ದು ನಿಂತೆ.

"ಇವು ನಮ್ಮ ಹಿತ್ತಲದಾಗ ಅದಾವಲ್ರಿ," ಅಂದಳು. "ಲಗೂ ಬರ್ರಿ, ಅಲ್ಲಿ ಅಗ್ನಿಶಿಖಿ ಮುಂದ ನಂದೊಂದು ಫೋಟೊ ತಗೀರಿ."

ತೆಗೆದೆ. ಅವಳು ಅದನ್ನು ಸ್ಟೇಟಸ್ಸಿಗೆ ಹಾಕಿದಳು. ಜನರಿಲ್ಲದ ನನ್ನ ಮೇಜಿನ ಹಿಂದೆ ಕೂತು ಮೊದಲು ನೋಡಿದವನೂ ನಾನೇ.

ಶ್ರಾವಣ ಸೋಮವಾರ

ಸ್ವಲ್ಪ ಹೊತ್ತಿಗೆ ಸೂಡಿಯಿಂದ ಬಂದ ಹೆಣ್ಣುಮಕ್ಕಳ ಗುಂಪು ನನ್ನ ಮೇಜನ್ನು ಮುತ್ತಿತು. ಎದೆ ಉಬ್ಬಿತು. ತುಂಬೆಯ ಕುಲ, ಗುಣ, ಔಷಧ ಎಲ್ಲ ಹೇಳಿದೆ. ಹಿರಿಯಳೊಬ್ಬಳು ಭಕ್ತಿಯಿಂದ ಕೇಳಿಸಿಕೊಂಡು, ಸೆರಗೊಡ್ಡಿ, ಹೂ ಬಿಡಿಸತೊಡಗಿದಳು. ಉಳಿದವರೂ ಕೈಹಾಕಿದರು.

"ಯವ್ವಾ, ಇದು ಪ್ರದರ್ಶನಕ್ಕ ಇಟ್ಟದ್ದು," ಅಂದೆ.

"ಶ್ರಾವಣ ಸ್ವಾಮಾರ ಐತ್ರಿ ಸರ. ತುಂಬಿ ಹೂ ಶಿವನ ತಲಿ ಮ್ಯಾಲ ಇಡೂದು. ಮೇಜಿನ ಮ್ಯಾಲ ಇಟ್ರ ಹ್ಯಾಂಗ್ರಿ?"

"ಹಂಗಾದ್ರ ಬಾಜೂ ಮೇಜಿನ ಮ್ಯಾಲ ಅಗ್ನಿಶಿಖಿ ಐತಿ, ಅದನ್ನೂ ಒಯ್ರಿ," ಅಂದೆ ಆಸೆಯಿಂದ.

"ಛೇ ಛೇ, ಅದು ನೋಡಾಕ ಇಟ್ಟದ್ರಿ."

ಪೇಪರಿನ ಫೋಟೊ

ನನಗೆ ಉಳಿದದ್ದು ಉತ್ತರಾಣಿ ಒಂದೇ. ಅದರ ಉದ್ದ ಕಡ್ಡಿಗಳನ್ನು ಮೇಜಿನ ಅಂಚಿಗೆ ಸರಿಸಿಟ್ಟೆ. ಬಿಳಿ ಧೋತರದ ಅತಿಥಿಗಳು ಬಂದವರು ನನ್ನತ್ತ ನೋಡದೆ ಸೀದಾ ಅಗ್ನಿಶಿಖೆಯ ಕಡೆ ಹೊರಟರು. ಧೋತರ ಉತ್ತರಾಣಿಗೆ ತಾಗಿತು. ಅದರ ಮುಳ್ಳುಕಾಳು ಬಟ್ಟೆಗೆ ಹತ್ತಿದರೆ ಒಂದೊಂದಾಗಿಯೇ ಕೀಳಬೇಕು. ಅತಿಥಿಗಳು ಅಲ್ಲೇ ನಿಂತರು.

"ಏನ್ರಿ ಮಾಸ್ತರ ಇದು?"

"ಉತ್ತರಾಣಿ ರೀ. ಭಾಳ ಔಷಧಿ ಗುಣ ಐತ್ರಿ," ಎನ್ನುತ್ತ ಬಗ್ಗಿ ಕೀಳತೊಡಗಿದೆ. ಅವಸರವನ್ನೇನೂ ಮಾಡಲಿಲ್ಲ.

ಅತಿಥಿಗಳು ಕದಲದ್ದು ಕಂಡು ರೋಣದ ಮಾಸ್ತರರು ಅಗ್ನಿಶಿಖೆ ಹಿಡಿದುಕೊಂಡು ತಾವೇ ಓಡಿ ಬಂದರು. ಅವರ ಮುಖದಲ್ಲೂ ಹೊಟ್ಟೆಕಿಚ್ಚು ಕಂಡು ನನ್ನ ಜೀವ ತಣ್ಣಗಾಯಿತು. ಅದೇ ಹೊತ್ತಿಗೆ ಫೋಟೊಗ್ರಾಫರ್ ಕ್ಲಿಕ್ಕಿಸಿದ.

ಮರುದಿನ ಪೇಪರನ್ನು ಹೆಂಡತಿಯ ಮುಂದೆ ಹರಡಿದೆ. ನನ್ನದೇ ಮೇಜು, ನನ್ನದೇ ಉತ್ತರಾಣಿ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಅತಿಥಿಗಳು ಚಲೋ ಬಂದಾರ. ರೋಣದ ಸರ ಹೂ ಹಿಡಕೊಂಡು ಇನ್ನೂ ಚಲೋ ಬಂದಾರ," ಅಂದಳು. "ಇಲ್ಲಿ ಕಾಲಿಗೆ ಬಿದ್ದಾವ್ರು ಯಾರ್ರಿ?"