ಹದಿನೇಳನೆಯ ಕುಳಿಯ ಬಳಿ

ಗಾಲ್ಫ್ ದೊಡ್ಡ ಮನುಷ್ಯರ ಆಟವೆಂದು ನಾನು ಬಹುಕಾಲ ನಂಬಿದ್ದೆ. ಸ್ಕಾಟ್ಲೆಂಡಿನ ಈ ಕಡಲೂರಿನಲ್ಲಿ ಅದನ್ನು ಆಡುವವರು ಮೀನಂಗಡಿಯವರು, ನಲ್ಲಿ ರಿಪೇರಿಯವರು, ಬಸ್ ಡ್ರೈವರುಗಳು. ಅವರು ದೊಡ್ಡ ಮನುಷ್ಯರಾಗುವುದು ಸೋತ ಮೇಲೆ, ಗಾಳಿಯ ಮೇಲೆ ತಪ್ಪು ಹೊರಿಸುವಾಗ.

ಮೀನಂಗಡಿಯ ಲಾಕ್ಲನ್ ಹೀಗೆ ಗಾಳಿಯನ್ನು ಬೈಯುತ್ತಲೇ ತಲೆ ನರೆಸಿಕೊಂಡವನು. ಊರಿನ ಗಾಲ್ಫ್ ಪಂದ್ಯದ ಬಹುಮಾನವಾದ ಬೆಳ್ಳಿ ಬಟ್ಟಲು ಪ್ರತಿ ವರ್ಷವೂ ಅವನ ಹೆಂಡತಿ ಇಶ್ಬೆಲಳ ತಮ್ಮ ಫರ್ಗಸನ ಪಾಲಾಗುತ್ತಿತ್ತು. ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಫರ್ಗಸ್ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುವಾಗ ಅದನ್ನು ಜೊತೆಗೇ ತಂದು, ಅದರಲ್ಲೇ ಸೂಪು ಕುಡಿಯುತ್ತಿದ್ದ.

ಈ ವರ್ಷದ ಅಂತಿಮ ಪಂದ್ಯದಲ್ಲಿ ಇವರಿಬ್ಬರೇ ಎದುರುಬದುರು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವನಿಗೆ ಆ ಕುಳಿ. ಹೆಚ್ಚು ಕುಳಿ ಗೆದ್ದವನಿಗೆ ಬಟ್ಟಲು. (ಇಡೀ ಆಟದ ವೇದಾಂತ ಇಷ್ಟೇ. ಉಳಿದದ್ದೆಲ್ಲ ಮಂಡಿನೋವು.) ಹದಿನೆಂಟರಲ್ಲಿ ಹದಿನಾರು ಮುಗಿದಾಗ ಇಬ್ಬರೂ ಸಮಸಮ.

ಹದಿನೇಳನೆಯ ಕುಳಿ ಮರಳುದಿಬ್ಬದ ಆಚೆಗಿತ್ತು. ಇಶ್ಬೆಲ್ ಮೊದಲೇ ಹೋಗಿ ಅಲ್ಲಿನ ಬೆಂಚಿನ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡಿದ್ದಳು. ಫರ್ಗಸನ ಚೆಂಡು ದಿಬ್ಬ ಹಾರಿ ಕುಳಿಯ ಹತ್ತಿರ ಬಿತ್ತು. ಲಾಕ್ಲನ್ನನದೂ ಹಾರಿತು. ದಿಬ್ಬ ಹತ್ತಿ ನೋಡಿದರೆ ಅವನ ಚೆಂಡೇ ಇಲ್ಲ.

ಲಾಕ್ಲನ್ ಮುಳ್ಳುಪೊದೆಗೆ ತಲೆ ತೂರಿಸಿ, ಹಿಂಭಾಗವನ್ನು ಕಡಲಿಗೆ ಒಪ್ಪಿಸಿ, ಹುಡುಕತೊಡಗಿದ.

"ಆ ಮೂಲೆ ಪೊದೆ ನೋಡು ಭಾವ. ಹೋದ ವರ್ಷಾನೂ ಅಲ್ಲೇ ಸಿಕ್ಕಿತ್ತು," ಎಂದ ಫರ್ಗಸ್.

"ಬಾಯಿ ಮುಚ್ಕೊಂಡು ಹುಡುಕೋ."

"ಹುಡುಕೋಕೆ ಇರೋದು ಮೂರೇ ನಿಮಿಷ, ಮುಗೀತು. ವಾಪಸ್ ಹೋಗಿ ಇನ್ನೊಂದು ಹೊಡಿ."

ಲಾಕ್ಲನ್ ದಿಬ್ಬವನ್ನೊಮ್ಮೆ, ತನ್ನ ಮಂಡಿಯನ್ನೊಮ್ಮೆ ನೋಡಿದ. "ಸಾಕಪ್ಪ. ಪಂದ್ಯಾನೇ ಬಿಟ್ಕೊಟ್ಟೆ, ತಗೋ. ಸೂಪು ಕುಡಿ," ಎಂದು ಕೈ ಕುಲುಕಿದ. ಈ ಆಟದಲ್ಲಿ ಬಿಟ್ಟುಕೊಟ್ಟ ಪಂದ್ಯವನ್ನು ಹಿಂದಕ್ಕೆ ಕೇಳುವಂತಿಲ್ಲ. ಅದು ಮದುವೆಗಿಂತ ಗಟ್ಟಿ.

ಫರ್ಗಸ್ ಶಾಸ್ತ್ರಕ್ಕೆಂದು ತನ್ನ ಚೆಂಡನ್ನು ಕುಳಿಗೆ ತಳ್ಳಿ, ತೆಗೆಯಲು ಕೈ ಹಾಕಿದ. ಕೈಗೆ ಎರಡು ಚೆಂಡು ಬಂದವು. ಒಂದರ ಮೇಲೆ ಲಾಕ್ಲನ್ ತನ್ನ ಗುರುತಿಗೆಂದು ಬರೆದ ಮೀನಿತ್ತು.

"ಬಿಟ್ಕೊಟ್ಟಿದ್ದು ಬಿಟ್ಕೊಟ್ಟಿದ್ದೇ, ಭಾವ," ಎಂದ ಫರ್ಗಸ್ ಮೆಲ್ಲಗೆ.

ಲಾಕ್ಲನ್ ಬಂದು ಹೆಂಡತಿಯ ಪಕ್ಕ ಕುಸಿದು ಕುಳಿತ. "ಚೆಂಡು ಬೀಳೋದನ್ನ ನೋಡಿದ್ಯಾ?"

"ನೋಡ್ದೆ. ಉರುಳ್ಕೊಂಡು ಬಂತು, ಬಿತ್ತು."

"ಮತ್ತೆ ನಾನು ಆ ಪೊದೇಲಿ ಏನು ಹುಡುಕ್ತಿದೀನಿ ಅಂದ್ಕೊಂಡೆ?"

"ಕನ್ನಡಕ," ಎಂದಳು ಇಶ್ಬೆಲ್. "ಚೆಂಡು ಹೋಗ್ಬೇಕಾದ ಕಡೆಗೇ ಹೋಗಿತ್ತಲ್ಲ."