ನಮ್ಮ ಮಷೀನು ಬೀಗತನ ಕಲಿತದ್ದು

ಬೈಲಹೊಂಗಲದಲ್ಲಿ ಕಂಪ್ಯೂಟರಿಗೆ ತರ್ಕ ಕಲಿಸಿದ ಮೊದಲ ಮನುಷ್ಯ ನಾನು. ಎರಡನೆಯವನು ಹುಟ್ಟಿದ ಸುದ್ದಿ ಈವರೆಗೆ ಬಂದಿಲ್ಲವಾದ್ದರಿಂದ ಕೊನೆಯವನೂ ನಾನೇ ಇರಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಊರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಧಾರವಾಡಕ್ಕೆ ತರಬೇತಿಗೆಂದು ಹೋದಾಗ ಒಬ್ಬ ಉಪನ್ಯಾಸಕರು ಹೇಳಿದ ಮಾತು ನನ್ನ ತಲೆ ಹೊಕ್ಕು ಕೂತುಬಿಟ್ಟಿತು. ಮಷೀನಿಗೆ ನಿಯಮವನ್ನು ನಾವು ಹೇಳಿಕೊಡಬೇಕಾಗಿಲ್ಲವಂತೆ. ಒಂದಿಷ್ಟು ಉದಾಹರಣೆ, ಅದರ ಬೆನ್ನಿಗೆ ಒಂದಿಷ್ಟು ಗೊತ್ತಿರುವ ಸಂಗತಿ ಕೊಟ್ಟರೆ ಸಾಕು, ನಿಯಮವನ್ನು ಅದೇ ಹುಡುಕಿಕೊಳ್ಳುತ್ತದಂತೆ. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹಾಕಿಸಿಕೊಂಡು, ಮುರಿಯದಂತೆ ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡು ಊರಿಗೆ ಬಂದೆ.

ಕಲಿಸಲು ನಾನು ಆರಿಸಿಕೊಂಡ ವಿಷಯ, ನಮ್ಮ ಮಂದಿಯಲ್ಲಿ ಯಾರು ಯಾರನ್ನು ಮದುವೆಯಾಗಬಹುದು ಎಂಬುದು. ಯಾರ ತಂದೆ ಯಾರು, ತಾಯಿ ಯಾರು, ಯಾವ ಊರು ಎಂದು ಮನೆತನದ ಎಲ್ಲರನ್ನೂ ಮನೆಯ ಕಂಪ್ಯೂಟರಿನೊಳಗೆ ಕುಟ್ಟಿ ಹಾಕತೊಡಗಿದೆ.

"ಏನ್ ಮಾಡಾಕ ಹತ್ತೀರಿ?" ಎಂದಳು ಹೆಂಡತಿ ಗಿರಿಜಾ.

"ಮಷೀನಿಗೆ ನಮ್ಮ ಕಳ್ಳುಬಳ್ಳಿ ಕಲಸಾಕ ಹತ್ತೇನಿ."

"ನಿಮಗ ಗೊತ್ತೈತೇನ್ರಿ ಅದು?"

ಉತ್ತರಿಸುವುದು ನನ್ನ ಘನತೆಗೆ ತಕ್ಕುದಾಗಿರಲಿಲ್ಲ. ಆದ ಮದುವೆಗಳನ್ನೆಲ್ಲ ಉದಾಹರಣೆಯಾಗಿ ಕೊಟ್ಟು ಗುಂಡಿ ಒತ್ತಿದೆ. ಮಷೀನು ಸ್ವಲ್ಪ ಹೊತ್ತು ಗುರುಗುಟ್ಟಿ ತನ್ನ ಮೊದಲ ನಿಯಮವನ್ನು ಹೇಳಿತು: ಯಾವ ಗಂಡಿಗಾದರೂ ಯಾವ ಹೆಣ್ಣಾದರೂ ಆದೀತು.

"ಇದು ಕಲತದ್ದೋ, ಕುಡದದ್ದೋ?" ಎಂದಳು ಗಿರಿಜಾ.

ತಪ್ಪು ಮಷೀನಿನದಲ್ಲ. ಆಗುವ ಜೋಡಿಗಳನ್ನು ಮಾತ್ರ ತೋರಿಸಿದ್ದೆ, ಆಗಬಾರದ್ದನ್ನು ತೋರಿಸಿರಲಿಲ್ಲ. ಬೇಡವೆನ್ನುವುದನ್ನು ಕಾಣದೆ ಅದಾದರೂ ಎಲ್ಲಿ ಗೆರೆ ಎಳೆದೀತು? ನೇರ ಅವ್ವನ ಹತ್ತಿರ ಹೋದೆ.

"ಅವ್ವಾ, ನಮ್ಮ ಮಂದ್ಯಾಗ ಯಾರು ಯಾರನ್ನ ಮದುವಿ ಆಗಬಾರ್ದು, ಒಂದಿಷ್ಟು ಜೋಡಿ ಹೇಳು."

ಅವ್ವ ಲಿಂಗಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದಳು. "ಮದ್ಲ ಬಾಯಿ ತೊಳಕೊಂಡ ಬಾ," ಎಂದಳು.

ಕೊನೆಗೆ ನನ್ನದೇ ಬುದ್ಧಿಯಿಂದ ಅಣ್ಣತಂಗಿಯರ ಜೋಡಿಗಳನ್ನು ಕೊಟ್ಟೆ. ಈ ಸಲದ ನಿಯಮ ಚಂದವಾಗಿತ್ತು: ಹೆಣ್ಣು ಬೇರೆ ಊರಿನವಳಾದರೆ ಆದೀತು. ನಮ್ಮ ಮನೆಗೆ ಸೊಸೆಯರೆಲ್ಲ ಸವದತ್ತಿ, ಮನೋಳಿ ಕಡೆಯಿಂದ ಬಂದವರು. ಅಣ್ಣತಂಗಿಯರು ಹೇಗೂ ಒಂದೇ ಊರಲ್ಲಿ ಹುಟ್ಟಿದವರು. ಮಷೀನು ಸುಲಭದ ದಾರಿ ಹಿಡಿದಿತ್ತು. ನಾನು ಅದರ ಜಾಣತನವನ್ನು ಹೊಗಳುತ್ತಿರುವಾಗಲೇ ಗಿರಿಜಾ ಕೇಳಿದಳು:

"ಹಂಗಾರ ಕಿತ್ತೂರಿಗೆ ಕೊಟ್ಟ ನಿಮ್ಮ ತಂಗಿ ಈಗ ಬೇರೆ ಊರಾಕಿ ಆದಳಲ್ರಿ?"

ಊರುಗಳನ್ನೆಲ್ಲ ಅಳಿಸಿದೆ. ಕಾಕಾನ ಮಕ್ಕಳು, ಚಿಗವ್ವನ ಮಕ್ಕಳು ಎಂದು ಆಗಬಾರದ ಜೋಡಿಗಳನ್ನು ಹೆಚ್ಚಿಸಿದೆ. ಆಮೇಲೆ ಬಂತು ನೋಡಿ! ಒಂದೇ ತಂದೆಯ ಇಲ್ಲವೆ ಒಂದೇ ತಾಯಿಯ ಮಕ್ಕಳಿಗೆ ಆಗದು. ಕಾಕಾನ ಮಗಳು, ಚಿಗವ್ವನ ಮಗಳು ಆಗದು. ಸೋದರಮಾವನ ಮಗಳು, ಅತ್ತೆಯ ಮಗಳು ಆದೀತು. ಸಂಬಂಧವೇ ಇಲ್ಲದವಳೂ ಆದೀತು. ಅಜ್ಜ ಮುತ್ತಜ್ಜರು ಕಟ್ಟಿದ ಕಾಯಿದೆಯನ್ನು ತಗಡಿನ ಡಬ್ಬಿಯೊಂದು ಯಾರಿಂದಲೂ ಹೇಳಿಸಿಕೊಳ್ಳದೆ ತಿಳಿದುಕೊಂಡಿತ್ತು. ನನ್ನ ಮಗ ಮೊದಲ ಸಲ 'ಅಪ್ಪಾ' ಅಂದಾಗಲೂ ನಾನು ಅಷ್ಟು ಬೀಗಿರಲಿಲ್ಲ. ಹೀಗೆಂದು ಗಿರಿಜಾಳ ಮುಂದೆ ಹೇಳಿದ್ದು ಮಾತ್ರ ಜಾಣತನವಾಗಲಿಲ್ಲ.

ಅದೇ ಹೊತ್ತಿಗೆ ನಮ್ಮ ಅಣ್ಣನ ಮಗ ಮಹಾಂತೇಶನಿಗೆ ಹೆಣ್ಣು ಗೊತ್ತಾಗುತ್ತಿತ್ತು. ಅವನು ಊರಲ್ಲೇ ಅರಳೆ ವ್ಯಾಪಾರ ಮಾಡಿಕೊಂಡಿದ್ದ. ಹುಡುಗಿ ರಾಮದುರ್ಗದವಳು, ಹೆಸರು ಶೈಲಜಾ, ಬಿ.ಎಸ್ಸಿ. ಓದಿದವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಮಾತು ಮುಗಿಸಲೆಂದು ಅವಳೂ ಅವಳ ಅಜ್ಜನೂ ಹಿರಿಯರೊಂದಿಗೆ ನಮ್ಮ ಮನೆಗೆ ಬಂದರು. ಅಣ್ಣನದೂ ನಮ್ಮದೂ ಒಂದೇ ಮನೆ. ಕಂಪ್ಯೂಟರೂ ಅಲ್ಲೇ, ಪಡಸಾಲೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿತ್ತು.

"ಅದೇನ್ರಿ ಟಿವಿ?" ಎಂದರು ಅಜ್ಜ.

ನನಗೆ ಇಷ್ಟು ಸಾಕಾಗಿತ್ತು. ಬಟ್ಟೆ ಸರಿಸಿದೆ. ಅದರ ಮಹಿಮೆಯನ್ನು ಬಣ್ಣಿಸಿದೆ. "ಬರೇ ಉತ್ತರ ಹೇಳಂಗಿಲ್ಲರಿ ಇದು, ಕಾರಣಾನೂ ಹೇಳತೈತಿ. ಸುಳ್ಳಂತೂ ಹೇಳಂಗೇ ಇಲ್ಲ," ಎಂದೆ. ಅಣ್ಣ ಬೇಡ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದ. ಕಣ್ಣಿನ ಭಾಷೆಯನ್ನು ನಾನು ಆ ದಿನ ಓದುವವನಿರಲಿಲ್ಲ. ಹುಡುಗಿಯ ಕಡೆಯವರ ಹೆಸರುಗಳನ್ನು ಕೇಳಿ ಕೇಳಿ ಒಳಗೆ ಹಾಕಿದೆ, ಗುಂಡಿ ಒತ್ತಿದೆ, ಪರದೆಯ ಮೇಲೆ ಬಂದದ್ದನ್ನು ತೀರ್ಪು ಓದುವ ನ್ಯಾಯಾಧೀಶನಂತೆ ಗಟ್ಟಿಯಾಗಿ ಓದಿದೆ.

"ಈ ಮದುವೆ ಆಗದು. ಕಾರಣ, ಇವರಿಬ್ಬರೂ ಒಂದೇ ತಾಯಿಯ ಮಕ್ಕಳು."

ಓದಿದ ಮೇಲೆ ನನಗೂ ಕೇಳಿಸಿತು.

ಮಹಾಂತೇಶನ ತಾಯಿ, ಅಂದರೆ ನಮ್ಮ ವೈನಿ ನೀಲವ್ವ, ಅವಲಕ್ಕಿಯ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾ ಒಂದ ಸಲನೂ ರಾಮದುರ್ಗದ ಮಾರಿ ನೋಡಿಲ್ಲರಿ," ಎಂದಳು ಮೆಲ್ಲಗೆ. ಅಣ್ಣ ನೆಲ ನೋಡಿದ. ಮಹಾಂತೇಶ ನನ್ನನ್ನು ನೋಡಿದ. ಅಜ್ಜ ರುಮಾಲು ಸರಿಪಡಿಸಿಕೊಂಡು ಎದ್ದು ನಿಂತರು.

"ಮಷೀನು ಸುಳ್ಳ ಹೇಳಂಗಿಲ್ಲಂತ ನೀವ ಅಂದ್ರಿ. ಖರೇ ಹೇಳಿದ್ರ ಈ ಮದುವಿ ಆಗಂಗಿಲ್ಲ. ಸುಳ್ಳ ಹೇಳಿದ್ರ ಅದು ನಮ್ಮ ಸೊಸಿ, ಈ ಹುಡುಗಿ ಅವ್ವನ ಮರ್ಯಾದಿ ತಗದಂಗ. ಯರಗಟ್ಟಿ ಮ್ಯಾಲೆ ರಾಮದುರ್ಗಕ್ಕ ಹೋಗೋ ಬಸ್ಸ ಯಾವಾಗ ಐತ್ರಿ?"

ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ನಿಯಮದಲ್ಲಿ ತಪ್ಪಿಲ್ಲ ಎಂದು ನಾನು ತೊದಲುತ್ತಿದ್ದೆ. ಅದೊಂದನ್ನು ಬಿಟ್ಟು ಬೇರೇನು ಹೇಳಿದರೂ ನಡೆಯುತ್ತಿತ್ತು. ಆಗ ಶೈಲಜಾ ಕುಳಿತಲ್ಲಿಂದಲೇ ಕೇಳಿದಳು:

"ಸರ್, ನಮ್ಮವ್ವನ ಹೆಸರೂ ನೀಲವ್ವನ ಅಲ್ರಿ? ಇಬ್ರೂ ಬ್ಯಾರೇ ಬ್ಯಾರೇ ಅಂತ ಮಷೀನಿಗೆ ಹೇಳೀರೇನ್ರಿ?"

ಹೇಳಿರಲಿಲ್ಲ. ಒಂದೇ ಹೆಸರಾದರೆ ಅದಕ್ಕೆ ಒಬ್ಬಳೇ ಹೆಂಗಸು. ಊರಿಗೆ ಹತ್ತಾರು ನೀಲವ್ವಂದಿರಿರುವ ಸೀಮೆ ಇದು ಎಂಬುದು ಅದಕ್ಕೆ ತಿಳಿಯುವುದಾದರೂ ಹೇಗೆ? ಶೈಲಜಾ ಅಜ್ಜನ ಅಪ್ಪಣೆ ಕೇಳಿ ಎದ್ದು ಬಂದಳು. ನಾನು ಕುರ್ಚಿ ಬಿಟ್ಟುಕೊಟ್ಟೆ. ಅವಳು ತನ್ನ ತಾಯಿಯ ಹೆಸರಿನ ಮುಂದೆ ರಾಮದುರ್ಗವನ್ನೂ ಅತ್ತೆಯಾಗಲಿರುವವಳ ಹೆಸರಿನ ಮುಂದೆ ಬೈಲಹೊಂಗಲವನ್ನೂ ಸೇರಿಸಿ ಗುಂಡಿ ಒತ್ತಿದಳು. ಪರದೆಯ ಮೇಲೆ 'ಆದೀತು' ಎಂದು ಬಂತು. ಅದನ್ನು ಓದುವಾಗ ಅವಳ ಮುಖ ಕೆಂಪಾಯಿತು. ಮಹಾಂತೇಶನದೂ.

ಅಜ್ಜ ಮತ್ತೆ ಕುಳಿತರು. "ಮಷೀನು ಒಪ್ಪಿದ್ರ ಒಪ್ಪಿತು. ನಾವಂತೂ ಮದ್ಲ ಒಪ್ಪಿವಿ," ಎಂದು ಅವಲಕ್ಕಿಗೆ ಕೈ ಚಾಚಿದರು. ವೈನಿ ಎಲ್ಲರಿಗೂ ಬಡಿಸಿದಳು. ನನ್ನ ತಾಟಿಗೆ ಬರುವಾಗ ಶೇಂಗಾ ಮುಗಿದಿತ್ತು.

ಅವ್ವ ಮೂಲೆಯಿಂದ ಕೇಳಿದಳು: "ಇಷ್ಟ ದಿನ ಕುಂತು ಅದು ಕಲತದ್ದರ ಏನಪಾ?"

ನಾನು ನಿಯಮವನ್ನು ಇಡಿಯಾಗಿ, ಹೆಮ್ಮೆಯಿಂದ ಓದಿದೆ.

"ಇದು ಓಣ್ಯಾಗಿನ ಸಣ್ಣ ಹುಡುಗೂರಿಗೂ ಗೊತ್ತೈತಿ."

"ಅವಕ್ಕ ನೀವು ಹೇಳಿ ಕೊಟ್ಟೀರಿ, ಅವ್ವಾ. ನನ್ನ ಮಷೀನಿಗೆ ಯಾರೂ ಹೇಳಿಲ್ಲ. ತಾನ ತಿಳಕೊಂಡೈತಿ." ಈ ಮಾತನ್ನು ನಾನು ಇವತ್ತಿಗೂ ಹಿಂದೆಗೆದುಕೊಂಡಿಲ್ಲ.

ಗಿರಿಜಾ ಚಹದ ಕಪ್ಪು ಕೊಡುತ್ತ ಕೇಳಿದಳು: "ಹೇಳಿಬಿಟ್ಟಿದ್ರ ಒಂದ ಸಂಜಿಯೊಳಗ ಮುಗೀತಿತ್ತಲ್ರಿ?"

ಬೀಗರೆಲ್ಲ ನಕ್ಕರು. ನಾನೂ ನಕ್ಕೆ, ಉಳಿದವರಿಗಿಂತ ಸ್ವಲ್ಪ ತಡವಾಗಿ.